ಬೆಂಕಿಗೆ ಬಿಟ್ಟಿ ಆಳು

ಅಮೆರಿಕದ ಕಮ್ಮಿಂಗ್ ಊರಿನಲ್ಲಿ ನಮ್ಮವರ ಮನೆಗಳಿಗೆ ಎರಡೆರಡು ಅಡಿಗೆಮನೆ. ಒಂದು ಒಳಗೆ, ಕಲ್ಲಿನ ಕಟ್ಟೆಯ ಮೇಲೆ ಹೂದಾನಿ ಇಟ್ಟದ್ದು, ಬಂದವರು ನೋಡಲಿಕ್ಕೆ. ಇನ್ನೊಂದು ಗರಾಜಿನಲ್ಲಿ, ಕರಿಯಲಿಕ್ಕೆ. ಶಾಂತಾಬಾಯಿ ಕಲಬುರಗಿ ಸೀಮೆಯಿಂದ ಗಂಡನ ಜೊತೆ ಮಗ ಕಲ್ಮೇಶನ ಮನೆಗೆ ಬಂದು ಎರಡು ವರ್ಷವಾಗಿತ್ತು. ಒಳಗಿನ ಒಲೆಯ ಮೇಲೆ ಅವಳು ಒಂದು ದಿನವೂ ಬಾಣಲೆ ಇಟ್ಟಿರಲಿಲ್ಲ. ಎಣ್ಣೆಯ ವಾಸನೆ ಸೋಫಾಕ್ಕೆ ಹತ್ತುತ್ತದೆ ಎಂದು ಮಗ ಮೊದಲ ವಾರವೇ ಹೇಳಿದ್ದ.

ಎರಡು ಸಾವಿರದ ಇಪ್ಪತ್ಮೂರರ ದೀಪಾವಳಿಯ ಹಿಂದಿನ ದಿನ ಗರಾಜಿನಲ್ಲಿ ಕರ್ಚಿಕಾಯಿ ಕರಿಯುವಾಗ ಎಣ್ಣೆ ಉಕ್ಕಿತು. ಉರಿ ಗೋಡೆಗೊರಗಿಸಿದ್ದ ರಟ್ಟಿನ ಪೆಟ್ಟಿಗೆಗಳಿಗೆ ಹತ್ತಿತು. ಅವಳೂ ಗಂಡ ಶಿವಶರಣಪ್ಪನೂ ಹೊರಗಿನ ಹುಲ್ಲಿನ ಮೇಲೆ ನಿಂತು ನಡುಗುತ್ತಿದ್ದಾಗ ಬೆಂಕಿ ಆರಿಸುವ ಗಾಡಿ ಬಂತು.

"ಅಕ್ಕಿ ಚೀಲದ ಹಿಂದ ಇನ್ನೊಂದು ಸಿಲಿಂಡರ್ ಅದ! ಸಿಲಿಂಡರ್! ಸಿಲಿಂಡರ್!" ಎಂದು ಶಾಂತಾಬಾಯಿ ಚೀರಿದಳು.

ಬಂದವರಲ್ಲಿ ನಡುವಯಸ್ಸಿನ ಒಬ್ಬ ಎತ್ತರದ ಆಳಿಗೆ ಆ ಒಂದು ಮಾತು ತಿಳಿಯಿತು. ಹೊಗೆಯೊಳಗೆ ನುಗ್ಗಿದ. ಸಿಲಿಂಡರನ್ನು ಎರಡೂ ಕೈಯಿಂದ ತಬ್ಬಿ ತಂದು ಹುಲ್ಲಿನ ಮೇಲಿಟ್ಟ. ಅವನ ಕೈಗವಸು ಕಳಚಿದಾಗ ಅಂಗೈಯ ಚರ್ಮವೂ ಅದಕ್ಕೇ ಅಂಟಿಕೊಂಡು ಬಂತು. ಬೇರೆ ಅಗ್ನಿಶಾಮಕ ಠಾಣೆಯವರು ಬಳಸಿ ಬಿಸಾಕಿದ ಗವಸು. ಒಳಪದರ ಎಂದೋ ಹರಿದಿತ್ತು. ಅವನ ಹೆಸರು ಓಟಿಸ್. ಅವನ ಕೋಟಿನ ಬೆನ್ನಿನ ಮೇಲೆ 'ಕೈದಿ' ಎಂದು ಬರೆದಿತ್ತು.

ನಾಲ್ಕನೆಯ ದಿನ ಊಟಕ್ಕೆ ಕೂತಾಗ ಕಲ್ಮೇಶ ಹುರುಪಿನಲ್ಲಿದ್ದ. ಕನ್ನಡ ಸಂಘದವರು ಆ ಠಾಣೆಗೆ ಸನ್ಮಾನ ಇಟ್ಟುಕೊಂಡಿದ್ದರು: ಶಾಲು, ಹಣ್ಣಿನ ಬುಟ್ಟಿ. ಅಂದೇ ಕೌಂಟಿಗೆ, ಅಂದರೆ ಅಲ್ಲಿಯ ಜಿಲ್ಲಾಡಳಿತಕ್ಕೆ, ಒಂದು ಪತ್ರ ಕೊಡುವುದು. ಇಂಥದೇ ಕೈದಿಗಳ ಠಾಣೆ ನಮ್ಮ ಬಡಾವಣೆಯ ಪಕ್ಕದಲ್ಲೂ ಬೇಕೆಂದು. ಪತ್ರದಲ್ಲಿ ಮೊದಲ ಸಹಿ ಶಾಂತಾಬಾಯಿಯದು. ಬೆಂಕಿಯ ಮರುದಿನವೇ, ಓದಿ ಹೇಳದೆ, ಮಗ ಹಾಕಿಸಿಕೊಂಡಿದ್ದ.

"ಆ ಓಟಿಸ್‌ಗ ಪಗಾರ ಎಷ್ಟೋ?" ಅವಳು ಕೇಳಿದಳು.

"ಪಗಾರ ಎಲ್ಲೀದವ್ವಾ? ಜೈಲಿನವರು ಅವರು. ಅದಕ್ಕೇ ನಮಗ ಟ್ಯಾಕ್ಸ್ ಏರಂಗಿಲ್ಲ. ಸ್ಟೇಷನ್ ಹತ್ರ ಬಂದ್ರ ಮನಿ ಇನ್ಶುರೆನ್ಸೂ ಕಮ್ಮಿ ಆಗ್ತದ."

"ಒಂದ್ ರೂಪಾಯಿನೂ ಇಲ್ಲಾ?"

"ತಪ್ಪು ಮಾಡ್ಯಾರ, ದುಡೀತಾರ," ಎಂದ ಶಿವಶರಣಪ್ಪ, ರೊಟ್ಟಿ ಮುರಿಯುತ್ತ. "ಕಾಯಕ ಅದು. ಮನುಷ್ಯಾ ಸುಧಾರಸ್ತಾನ."

"ಕಾಯಕ ಅಂದ್ರ ತಾನಾಗಿ ಒಪ್ಪಿ ಮಾಡೋದಲ್ಲೇನ್ರೀ ಮಾವಾರ?" ಎಂದಳು ಸೊಸೆ ಸಪ್ನಾ. ಅವಳು ಅಲ್ಲಿಯ ಆಸ್ಪತ್ರೆಯಲ್ಲಿ ಡಾಕ್ಟರು.

"ಅವರೂ ಒಪ್ಪಿ ಸಹಿ ಹಾಕ್ಯಾರ. ವಾಲಂಟಿಯರ್ಸ್!" ಎಂದ ಕಲ್ಮೇಶ.

"ಒಲ್ಲೆ ಅಂದ್ರ ವಾಪಸ್ ಸೆಲ್ಲಿಗೆ ಹಾಕ್ತಾರ, ಬಿಡುಗಡಿ ಮುಂದ ಹೋಗ್ತದ. ಅದಕ್ಕ ವಾಲಂಟಿಯರ್ ಅಂತೀ ಏನು?" ಎಂದಳು ಸಪ್ನಾ. " ಇದೆಲ್ಲಾ ನಾ ಹೊರಗ ಹೇಳಬಾರದು, ಆದ್ರೂ ಕೇಳು. ಓಟಿಸ್‌ನ ನಮ್ಮ ಆಸ್ಪತ್ರಿಗೇ ತಂದಿದ್ರು. ಎರಡೂ ಕೈಗೆ ಬ್ಯಾಂಡೇಜ್, ಕಾಲಿಗೆ ಬೇಡಿ ಹಾಕಿ ಮಂಚಕ್ಕ ಬಿಗಿದಿದ್ರು. ಬಿಟ್ಟ ಮ್ಯಾಲ ಇದೇ ಕೆಲಸ ಮಾಡ್ತೀರೇನು ಅಂತ ಕೇಳಿದೆ. ನಕ್ಕ. ಜೈಲಿಗೆ ಹೋದವನ್ನ ಫೈರ್‌ಮನ್ ಅಂತ ಯಾರ್ ತಗೋತಾರ ಮೇಡಂ ಅಂದ."

"ಅದಕ್ಕೇ ಸನ್ಮಾನ ಮಾಡ್ಲಿಕತ್ತೇವಲ್ಲ! ಇನ್ನೇನ್ ಮಾಡ್ಬೇಕು, ಮನಿ ಬರಕೊಡ್ಲಾ?" ಎಂದ ಕಲ್ಮೇಶ.

ಶಾಂತಾಬಾಯಿಗೆ ತವರಿನ ಬಾವಿ ನೆನಪಾಯಿತು. ಅವಳಪ್ಪ ಊರಗೌಡ. ಗೌಡರ ಬಾವಿಯ ಹೂಳೆತ್ತಲು ಕೇರಿಯವರು ಬಿಟ್ಟಿಗೆ ಬರಬೇಕು, ಒಲ್ಲೆನ್ನುವ ಹಾಗಿಲ್ಲ. ಒಂದು ಬೇಸಿಗೆ ಬಾವಿಯ ದಂಡೆ ಕುಸಿದು ಒಬ್ಬ ಒಳಗೇ ಸತ್ತ. ಅಪ್ಪ ಅವನ ಹೆಂಡತಿಗೆ ಹೊಸ ಸೀರೆ ಕೊಟ್ಟ. ಗೌಡರದು ದೊಡ್ಡ ಮನಸ್ಸೆಂದು ಊರು ಹೊಗಳಿತು. ವಾರದೊಳಗೆ ಅದೇ ಬಾವಿಗೆ ಸತ್ತವನ ತಮ್ಮನನ್ನು ಇಳಿಸಿದರು. ಆ ನೀರನ್ನು ಮನೆಮಂದಿಯೆಲ್ಲ ಕುಡಿದರು; ಅವಳೂ ಕುಡಿದಿದ್ದಳು. ಈಗ ತಾಟು ಸರಿಸಿ ಎದ್ದಳು.

ಭಾನುವಾರ ಶಾಲೆಯೊಂದರ ಸಭಾಂಗಣದಲ್ಲಿ ಸನ್ಮಾನ. ಹಿಂದಿನ ಮೇಜಿನಿಂದ ಬಿಸಿಬೇಳೆಭಾತಿನ ವಾಸನೆ ಬರುತ್ತಿತ್ತು. ವೇದಿಕೆಯ ಮೇಲೆ ಠಾಣೆಯ ಮುಖ್ಯಸ್ಥ ಒಬ್ಬನೇ ಕೂತಿದ್ದ, ಕೆಂಪಗೆ, ಮೈತುಂಬಿಕೊಂಡು. ಕೈದಿಗಳು ಹೊರಗಿನವರಿಂದ ಏನೂ ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಶಾಲೂ ಬುಟ್ಟಿಯೂ ಅವನಿಗೇ.

ಸಂಘದ ಕಾರ್ಯದರ್ಶಿ ಜಯಾ ಮೈಕಿನಲ್ಲಿ ಹೇಳಿದಳು: "ಈಗ ನಮ್ಮ ಶಾಂತಾಬಾಯಿ ಆಂಟಿ ಶಾಲು ಹೊದಿಸ್ತಾರೆ. ಜೋರಾಗಿ ಚಪ್ಪಾಳೆ ಬರ್ಲಿ, ಪ್ಲೀಸ್!"

ಮುಖ್ಯಸ್ಥ ಎದ್ದು ಕತ್ತು ಬಾಗಿಸಿದ. ಶಾಂತಾಬಾಯಿ ಶಾಲು ಹಿಡಿದು ನಿಂತಳೇ ಹೊರತು ಕೈ ಎತ್ತಲಿಲ್ಲ.

"ಓಟಿಸ್ ಎಲ್ಲಿ ಅದಾನಂತ ಕೇಳು," ಎಂದಳು, ಜೊತೆಗೆ ಮೇಲೆ ಬಂದಿದ್ದ ಮಗನಿಗೆ.

"ಅವ್ವಾ, ಈಗ ಬ್ಯಾಡ."

"ಕೇಳು ಅಂದೆ."

ಕಲ್ಮೇಶ ಕೇಳಿದ. ಮುಖ್ಯಸ್ಥ ಬಾಗಿದಲ್ಲಿಂದಲೇ ನಗುತ್ತ ಉತ್ತರಿಸಿದ.

"ಆರಾಮ ಅದಾನಂತ. ಸೋಮವಾರದಿಂದ ಡ್ಯೂಟಿಗೆ ಬರ್ತಾನಂತ."

"ಸೋಮವಾರ ಅಂದ್ರ ನಾಳೆ. ಕೈಗೆ ಇನ್ನಾ ತೊಗಲು ಬಂದಿಲ್ಲ."

"ಅವ್ವಾ, ಜನ ನೋಡ್ಲಿಕತ್ತಾರ."

"ನೋಡ್ಲಿ. ಆ ಪತ್ರ ಎಲ್ಲಿ? ಕೊಡಿಲ್ಲಿ."

ಪತ್ರ ಜಯಾಳ ಕೈಯಲ್ಲಿತ್ತು. ಶಾಂತಾಬಾಯಿ ಅದನ್ನು ಇಸಕೊಂಡು, ಅವಳದೇ ಪೆನ್ನು ತೆಗೆದುಕೊಂಡು, ಮೇಲಿದ್ದ ತನ್ನ ಸಹಿಯ ಮೇಲೆ ಎರಡು ಗೆರೆ ಎಳೆದಳು.

"ನಿನಗ ತಲಿ ಕೆಟ್ಟದೇನ?" ಶಿವಶರಣಪ್ಪ ಮೊದಲ ಸಾಲಿನಿಂದ ಎದ್ದು ಕೂಗಿದ. "ಮಗನ ಮರ್ಯಾದಿ ತಗೀತೀ ಏನ? ಇಳಿ ಕೆಳಗ!"

"ಇಳೀತೀನ್ರಿ. ಇದೊಂದ್ ಮಾತು ಮುಗೀಲಿ." ಅವಳು ಸೊಸೆಯ ಕಡೆ ತಿರುಗಿದಳು. "ಸಪ್ನಾ, ಮ್ಯಾಲ ಬಾ. ನಾ ಹೇಳಿದ್ದನ್ನ ಇಂಗ್ಲಿಷಿನಾಗ ಹೇಳು. ಒಂದಕ್ಷರನೂ ಬಿಡಬ್ಯಾಡ."

ಸಪ್ನಾ ಬಂದು ಮೈಕು ಹಿಡಿದಳು.

"ಸಿಲಿಂಡರ್ ಅದ ಅಂತ ಚೀರಿದವಳು ನಾನು. ಕೈ ಸುಟ್ಟುಕೊಂಡವ ಅವ. ಹರಕ ಗವಸ ಕೊಟ್ಟು ಕಳಿಸಿದವರು ನೀವು. ಕೂಲಿ ಕೊಡ್ರಿ. ಒಲ್ಲೆ ಅಂದವನ್ನ ಒತ್ತಾಯ ಮಾಡಬ್ಯಾಡ್ರಿ. ಬಿಟ್ಟ ಮ್ಯಾಲ ಅವನಿಗೆ ಇದೇ ಕೆಲಸ ಕೊಡ್ರಿ. ಅಷ್ಟೂ ಬರದ ಪತ್ರ ತರ್ರಿ, ಮೊದಲ ಸಹಿ ನಂದ. ಇಲ್ಲಾಂದ್ರ ನಿಮ್ಮ ಠಾಣೆ ನಮ್ಮ ಓಣಿಯಾಗ ಬ್ಯಾಡ."

ಸಪ್ನಾ ಒಂದೊಂದೇ ಮಾತನ್ನು ಹೇಳುತ್ತ ಹೋದಳು. ಸಭಾಂಗಣದಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೂಲಿಯ ಮಾತಿಗೆ ಬಂದಾಗ ಮುಖ್ಯಸ್ಥ ಬಾಗಿಸಿದ್ದ ಕತ್ತನ್ನು ಮೆಲ್ಲಗೆ ನೆಟ್ಟಗೆ ಮಾಡಿಕೊಂಡ.