ಅಳತೆ ಮೀರದ ಶಂಖ

ಗ್ರೆನಡಾ ದ್ವೀಪದ ಗ್ವಾವ್ ಊರಿನಲ್ಲಿ ದೋಣಿ ಮೀನು ತಂದರೆ ಇಸ್ಮೆ ದಡದ ಮೇಲೆ ನಿಂತು ಶಂಖ ಊದುತ್ತಿದ್ದಳು. ಅವಳ ತಾಯಿ ಊದಿದ್ದಳು, ಅಜ್ಜಿಯೂ ಊದಿದ್ದಳು. ಶಂಖ ಕೇಳಿದ ಹೆಂಗಸರು ಪಾತ್ರೆ ಹಿಡಿದು ಇಳಿದು ಬರುತ್ತಿದ್ದರು.

ಗುಡ್ಡದ ಮೇಲೆ ಮನೆ ಕಟ್ಟಿಕೊಂಡು ಬಂದ ಪೆಂಬರ್ಟನ್, ತೋಟದ ಮ್ಯಾನೇಜರ್ ಆಗಿ ನಿವೃತ್ತನಾದವನು, ಶಂಖದ ಸದ್ದಿನ ಮೇಲೆ ಪೊಲೀಸರಿಗೆ ದೂರು ಕೊಟ್ಟ. ಇಸ್ಮೆಗೆ ಬಂದ ಸಮನ್ಸ್ ಕಾಗದದಲ್ಲಿ ಗದ್ದಲ ಎಂಬ ಮಾತಿನ ಹಿಂದೆ ಒಂದು ಉದ್ದ ಪದವಿತ್ತು: ಇನಾರ್ಡಿನೇಟ್. ಇಸ್ಮೆ ಅದನ್ನು ತನಗೆ ಅಕ್ಷರ ಕಲಿಸಿದ ಮುದುಕಿ ಕ್ಲಾರಿಸ್ ಟೀಚರ್ ಬಳಿಗೆ ಒಯ್ದಳು.

"ಇದು ಬೈಗುಳಾನಾ ಟೀಚರ್?"

"ಅಲ್ಲ ಕಣೇ. ಅತಿ ಅಂತ. ಅಳತೆ ಮೀರಿದ್ದು."

"ಜೋರು ಅಂತ ಬರೆಯೋಕೆ ಆ ಮನುಷ್ಯನಿಗೆ ಏನಾಗಿತ್ತು? ಜೋರಾಗೇ ಊದ್ತೀನಪ್ಪ. ಮೆಲ್ಲಗೆ ಊದಿದ್ರೆ ಮೀನು ಕೊಳೀತದೆ."

ಟೀಚರ್ ನಿಘಂಟು ತೆರೆದು ಭೂತಗನ್ನಡಿ ಹಿಡಿದರು. "ಜೋರು ಬೇರೆ, ಇದು ಬೇರೆ. ಈ ಪದದ ಹೊಟ್ಟೇಲಿ ಕ್ರಮ ಅನ್ನೋ ಅರ್ಥ ಕೂತಿದೆ. ಸಾರಿಗೆ ಇಷ್ಟೇ ಉಪ್ಪು ಅಂತ ಗೊತ್ತಿದ್ರೆ ತಾನೆ ಹೆಚ್ಚಾಯ್ತು ಅನ್ನೋದು? ಕ್ರಮವೇ ಇಲ್ಲದ ಕಡೆ ಈ ಪದ ಹಾಕೋಕೆ ಬರಲ್ಲ."

ಇಸ್ಮೆ ಬೆರಳು ಮಡಚಿ ಎಣಿಸಿದಳು. "ಶಂಖಕ್ಕೆ ಕ್ರಮ ಇದೆ ಟೀಚರ್," ಎಂದಳು ಆಮೇಲೆ. "ಮೂರೇ ಸಲ. ನಾಲ್ಕನೇದು ಊದಿದ್ರೆ ದೋಣಿ ಮುಳುಗ್ತಿದೆ ಅಂತ ಊರೇ ಓಡಿ ಬರುತ್ತೆ."

ಟೀಚರ್ ನಿಘಂಟನ್ನು ಮುಚ್ಚಿ ನಕ್ಕರು. "ಹೋಗು. ಕೋರ್ಟಿನಲ್ಲಿ ಇದನ್ನೇ ಹೇಳು."

ವಿಚಾರಣೆಯ ಬೆಳಿಗ್ಗೆ ಇಸ್ಮೆ ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡು ಹೋದಳು. ಬೆಂಚುಗಳ ತುಂಬ ಮೀನುಗಾರರು. ವಕೀಲರಿಲ್ಲದ ಅವಳಿಗೆ ಮ್ಯಾಜಿಸ್ಟ್ರೇಟಮ್ಮ ತಾವೇ ಪೆಂಬರ್ಟನ್ನನಿಗೆ ಪ್ರಶ್ನೆ ಕೇಳಲು ಅವಕಾಶ ಕೊಟ್ಟರು.

"ಸಾಹೇಬ್ರೇ, ನೀವು ದೂರು ಕೊಟ್ಟ ದಿನ ನಾನು ಎಷ್ಟು ಸಲ ಊದಿದೆ?"

"ಮೂರು," ಎಂದ ಪೆಂಬರ್ಟನ್.

"ಅದರ ಹಿಂದಿನ ದಿನ?"

"ಮೂರೇ. ಯಾವಾಗ್ಲೂ ಮೂರೇ. ಎಣಿಸಿ ಎಣಿಸಿ ನನ್ನ ತಲೆ ಕೆಟ್ಟುಹೋಗಿದೆ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇಸ್ಮೆ ನಗಲಿಲ್ಲ. ಅವಳು ಮ್ಯಾಜಿಸ್ಟ್ರೇಟಮ್ಮನ ಕಡೆ ತಿರುಗಿದಳು.

"ಅಮ್ಮಾ, ಜೋರು ಅಂತ ಬರೆದಿದ್ರೆ ಒಪ್ಕೋತಿದ್ದೆ. ಇವರು ಇನಾರ್ಡಿನೇಟ್ ಅಂತ ಬರೆಸಿದ್ದಾರೆ. ಅಂದ್ರೆ ಅಳತೆ ಮೀರಿದ್ದು. ನಮ್ಮೂರಿನ ಅಳತೆ ಮೂರು. ನಾನು ಒಂದಿನವೂ ಮೀರಿಲ್ಲ. ಅದಕ್ಕೆ ಸಾಕ್ಷಿ ಇವರೇ."

ಮ್ಯಾಜಿಸ್ಟ್ರೇಟಮ್ಮ ಕಾಗದವನ್ನು ಮತ್ತೊಮ್ಮೆ ಓದಿ, ಮೇಜಿನ ಮೇಲೆ ಮಗುಚಿ ಇಟ್ಟರು. "ಪದ ಆರಿಸಿದವರು ಮೊದಲು ಅದರ ಅರ್ಥ ನೋಡಬೇಕಿತ್ತು. ದೂರು ವಜಾ."

ಇಸ್ಮೆ ಹೊರಬಂದಾಗ ಮೀನುಗಾತಿಯರು ಅವಳನ್ನು ಎತ್ತಿಯೇಬಿಟ್ಟರು. ಟೋಪಿ ಬಿತ್ತು. ಅವಳು ಬಾಯ್ತುಂಬ ನಗುತ್ತಾ ಅವರ ಭುಜದ ಮೇಲೇ ಕೂತು ಪೇಟೆಬೀದಿ ದಾಟಿದಳು. ಆ ವಾರವಿಡೀ ಊರಿನ ಬಾಯಲ್ಲಿ ಆ ಪದವೇ. ಒಬ್ಬಳ ಮಗ ಇನಾರ್ಡಿನೇಟ್ ಉದ್ದ ಬೆಳೆದ, ಇನ್ನೊಬ್ಬಳ ಬ್ರೆಡ್‌ಫ್ರೂಟ್ ಕಾಯಿ ಇನಾರ್ಡಿನೇಟ್ ಬೆಂದಿತು. ಕ್ಲಾರಿಸ್ ಟೀಚರ್ ಕಿಟಕಿಯಲ್ಲಿ ಕೂತು, ತಪ್ಪಾಗಿ ಬಳಸಿದವರನ್ನೆಲ್ಲ ನಿಲ್ಲಿಸಿ ತಿದ್ದುತ್ತಿದ್ದರು. ಇಷ್ಟು ಜನ ವಿದ್ಯಾರ್ಥಿಗಳು ಅವರಿಗೆ ಎಂದೂ ಸಿಕ್ಕಿರಲಿಲ್ಲ.