ಎರಡು ಕೊಳ, ಒಂದು ಜನರೇಟರ್

ಚಿಕ್ಕಮ್ಮ, ಹುಡುಗಿ ಇಬ್ಬರೂ ಸಿಗಡಿ ಕೊಳದ ಕಟ್ಟೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಮೇವಿನ ತಟ್ಟೆಗಳನ್ನು ಉಜ್ಜುತ್ತಿದ್ದರು. ಬಲೆ ಹೊದಿಸಿದ ಅಗಲವಾದ ತಟ್ಟೆಗಳು. ಮೇವು ಹಾಕಿ ನೀರಿಗೆ ಇಳಿಬಿಟ್ಟು, ಸಿಗಡಿಗಳು ಎಷ್ಟು ತಿಂದವೆಂದು ಆಮೇಲೆ ಎತ್ತಿ ನೋಡುವುದು. ಚಿಕ್ಕಮ್ಮ ಬ್ರಷ್ಷಿನಿಂದ ಪಾಚಿ ತಿಕ್ಕಿದಳು, ಹುಡುಗಿ ನೀರು ಹೊಯ್ದಳು. ಅಂದು ಮೇವು ಹಾಕಿದ್ದು ಹಾಕಿದ ಹಾಗೇ ಇತ್ತು. ಇಬ್ಬರಿಗೂ ಅದು ಕಂಡಿತ್ತು. ಮೋಡ ಕವಿದು ಗಾಳಿ ಸತ್ತ ದಿನ ಸಿಗಡಿಗಳಿಗೆ ನೀರಿನಲ್ಲಿ ಉಸಿರು ಸಾಲುವುದಿಲ್ಲ. ಆಗ ಮೊದಲು ಊಟ ಬಿಡುತ್ತವೆ.

ಅಷ್ಟರಲ್ಲಿ ಕರೆಂಟು ಹೋಗಿ, ನೀರನ್ನು ಕಡೆದು ಗಾಳಿ ಬೆರೆಸುತ್ತಿದ್ದ ಏರೇಟರಿನ ಚಕ್ರಗಳು ಒಮ್ಮೆಲೇ ನಿಂತವು.

ಮೆಕ್ಯಾನಿಕ್ ಓಡಿಹೋಗಿ ಜನರೇಟರ್ ಶುರುಮಾಡಿ ಹತ್ತಿರದ ಕೊಳಕ್ಕೆ ಕೇಬಲ್ ಸಿಕ್ಕಿಸಿದ. ಅದು ಪಾಲಿನ ಕೊಳ. ಅದರಲ್ಲಿ ಬೆಳೆದದ್ದನ್ನು ಮಾರಿದ ಹಣ ಕೆಲಸಗಾರರದ್ದು. ಉಳಿದ ಕೊಳಗಳಲ್ಲಿ ಸಿಗಡಿ ಹಿಡಿದಾಗಿತ್ತು. ಆಚೆ ತುದಿಯಲ್ಲಿ ಮರಿಗಾಗಿ ಸಾಕಿದ ತಾಯಿ ಸಿಗಡಿಗಳ ಕೊಳವೊಂದೇ ಬಾಕಿ. ಜನರೇಟರಿಗೆ ಒಂದು ಕೊಳ ಎಳೆಯುವಷ್ಟೇ ಶಕ್ತಿ.

"ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿದೆ, ಸಂಜೆ ತನಕ ಕರೆಂಟಿನ ಆಸೆ ಬಿಡಿ," ಎಂದ ಮೆಕ್ಯಾನಿಕ್, ಹುಡುಗಿಯ ಕಡೆ ತಿರುಗಿ. "ಏನ್ ಮರಿ ಮ್ಯಾನೇಜರ್ರೇ, ನಮ್ಮ ಕೊಳಕ್ಕೇ ಮೊದಲು ಕೊಟ್ಟೆ. ನಿಮ್ಮ ಚಿಕ್ಕಮ್ಮನ ಮಂಡಿ ಅದರಲ್ಲೇ ಈಜಾಡ್ತಿದೆಯಲ್ಲಾ!"

ಸುತ್ತ ಸೇರಿದ್ದವರು ನಕ್ಕರು. ಚಿಕ್ಕಮ್ಮನೂ ನಕ್ಕಳು. ಡಾಕ್ಟರು ನೀರಿಗಿಳಿಯಬೇಡವೆಂದಿದ್ದರು, ಈ ಸಲದ ಪಾಲು ಕೈಗೆ ಬಂದರೆ ಅವಳು ಈ ಕೆಲಸ ಬಿಟ್ಟು ಮಂಡಿಯ ಆಪರೇಷನ್ ಮಾಡಿಸಿಕೊಳ್ಳುವವಳಿದ್ದಳು. ಹುಡುಗಿಯನ್ನು ಮ್ಯಾನೇಜರ್ ತರಬೇತಿಗೆ ಸೇರಿಸಿದ್ದೂ ಅವಳೇ. "ಇವಳಿಗೆ ಬಾಯಿ ಇಲ್ಲ ಸಾರ್, ಕಣ್ಣು ಮಾತ್ರ ಚುರುಕು," ಎಂದು ಅಂಗಲಾಚಿದ್ದಳು.

ದೊಡ್ಡ ಮ್ಯಾನೇಜರ್ ಅಂದು ಊರಲ್ಲಿರಲಿಲ್ಲ. ಎಲ್ಲವನ್ನೂ ಹುಡುಗಿಯ ಕೈಗೆ ಬಿಟ್ಟುಹೋಗಿದ್ದರು. ಅವಳು ಅವರಿಗೆ ಫೋನ್ ಮಾಡಿ ನಡೆದದ್ದು ಹೇಳಿದಳು.

"ಕೇಬಲ್ ಕಿತ್ತು ತಾಯಿ ಕೊಳಕ್ಕೆ ಹಾಕಿಸು. ತಾಯಿ ಸಿಗಡಿ ಹೋದ್ರೆ ಮರಿ ಇಲ್ಲ, ಮರಿ ಇಲ್ದಿದ್ರೆ ಯಾರಿಗೂ ಕೆಲಸ ಇಲ್ಲ."

"ಸಾರ್, ಇಲ್ಲಿ ಎಲ್ಲರ ಪಾಲು..."

"ಗೊತ್ತಮ್ಮಾ. ತಟ್ಟೆ ತೊಳೆಯೋದು, ನೀರು ಪರೀಕ್ಷೆ ಮಾಡೋದು ಎಲ್ಲಾ ಕಲಿತೆ. ಇನ್ನು ಕಲೀಬೇಕಾದ್ದು ಇದೇ. ಆಗಲ್ಲ ಅಂದ್ರೆ ಹೇಳಿಬಿಡು, ಬೇರೆಯವರನ್ನ ನೋಡ್ಕೋತೀನಿ."

ಅವಳು ತಾಯಿ ಕೊಳದ ಕಡೆ ಓಡಿದಳು. ಕೈಯುದ್ದದ ಸಿಗಡಿಗಳು ದಡಕ್ಕೆ ಬಂದು ಮುತ್ತಿದ್ದವು. ನೀರಿನ ಮೇಲೆಲ್ಲ ಮೀಸೆಗಳು ನಡುಗುತ್ತಿದ್ದವು. ಏದುಸಿರು ಬಿಡುತ್ತ ವಾಪಸು ಬಂದಳು.

"ಅಣ್ಣಾ, ಸ್ವಲ್ಪ ಹೊತ್ತು ಅಲ್ಲಿ, ಸ್ವಲ್ಪ ಹೊತ್ತು ಇಲ್ಲಿ ಓಡಿಸಕ್ಕಾಗಲ್ವಾ?"

"ಅರ್ಧರ್ಧ ಉಸಿರು ಕೊಟ್ರೆ ಎರಡೂ ಸಾಯ್ತವೆ, ಅಷ್ಟೇ," ಎಂದ ಮೆಕ್ಯಾನಿಕ್. ಈಗ ಅವನ ಮುಖದಲ್ಲಿ ನಗುವಿರಲಿಲ್ಲ.

"ಸಾರ್ ಏನಂದ್ರು?" ಚಿಕ್ಕಮ್ಮ ಕೇಳಿದಳು.

"ಕೇಬಲ್ ಆ ಕಡೆ ಹಾಕ್ಬೇಕಂತೆ."

"ಅಂತೆ ಗಿಂತೆ ಬಿಡು. ನೀನೇನಂತೀಯಾ?"

ಹುಡುಗಿ ಸಾರ್ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಚಿಕ್ಕಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು.

"ಹಾಕ್ಬೇಕು ಚಿಕ್ಕಮ್ಮ. ಆ ಸಿಗಡಿ ಹೋದ್ರೆ ನಾವ್ಯಾರೂ ಉಳಿಯಲ್ಲ."

"ನಾವು ಅಂತೆ!" ಹಿಂದಿನಿಂದ ಯಾರೋ ಅಂದರು. "ಮ್ಯಾನೇಜರ್ ಥರ ಬೂಟು ಹಾಕ್ಕೊಂಡಾಗಲೇ ಗೊತ್ತಾಗಿತ್ತು, ಇವಳು ಆ ಕಡೆಯವಳು ಅಂತ."

ಮೆಕ್ಯಾನಿಕ್ ಕೈ ಒರೆಸಿಕೊಂಡು ಕಟ್ಟೆಯ ಮೇಲೆ ಹೋಗಿ ಕೂತ. ಹುಡುಗಿ ತಾನೇ ಜನರೇಟರ್ ನಿಲ್ಲಿಸಿ ಕೇಬಲ್ ಕಿತ್ತಳು. ಪಾಲಿನ ಕೊಳದ ಚಕ್ರಗಳು ಇನ್ನೆರಡು ಸುತ್ತು ತಿರುಗಿ ಸುಮ್ಮನಾದವು. ಕೇಬಲ್ ಸುತ್ತಿದ್ದ ಮರದ ಉರುಳೆಯನ್ನು ತಾಯಿ ಕೊಳದ ಕಡೆಗೆ ಎರಡೂ ಕೈಯಿಂದ ನೂಕಿದಳು. ಅದು ಕೆಸರಿನಲ್ಲಿ ಹೂತಿತ್ತು, ಅಲುಗಲಿಲ್ಲ. ಭುಜ ಕೊಟ್ಟಳು. ಬೂಟು ಜಾರಿ ಮಂಡಿಯೂರಿ ಬಿದ್ದು, ಎದ್ದು ಮತ್ತೆ ನೂಕಿದಳು.

"ಯಾರಾದ್ರೂ ಬನ್ನಿ," ಎಂದಳು.

ಎಲ್ಲರೂ ತಮ್ಮ ಕೊಳವನ್ನೇ ನೋಡುತ್ತ ನಿಂತಿದ್ದರು. ಚಿಕ್ಕಮ್ಮ ತಟ್ಟೆಯನ್ನು ಮತ್ತೆ ಮಡಿಲಿಗೆಳೆದುಕೊಂಡು ಉಜ್ಜತೊಡಗಿದ್ದಳು.

"ಚಿಕ್ಕಮ್ಮಾ, ಆ ಕಡೆ ಸ್ವಲ್ಪ ಹಿಡ್ಕೋತೀಯಾ?"