ಜವರಯ್ಯ ಮುಚ್ಚಿಟ್ಟ ಬಾವಿ

ಹುಣಸೂರಿನಿಂದ ಹೊರಡುವ ಹೊಸ ಕರೆಂಟ್ ಲೈನು ಯಾವ ಊರಿಗೆ ಮೊದಲು ಬರಬೇಕೆಂದು ತೀರ್ಮಾನಿಸಲು ಸರ್ಕಾರದವರು ಊರೂರಿನ ಬಾವಿಗಳನ್ನು ಬರೆದುಕೊಳ್ಳುತ್ತಿದ್ದರು. ನಮ್ಮೂರಿನವರು ಮಾಡಿದ ಬುದ್ಧಿವಂತಿಕೆ ಕೇಳಿ. ಪಟ್ಟಿ ಹಿಡಿದು ಬಂದವರೆಲ್ಲ ಕಂದಾಯ ಏರಿಸುವವರೇ ಎಂದುಕೊಂಡು, ಇದ್ದ ಬಾವಿಗಳನ್ನೇ ಬಚ್ಚಿಟ್ಟರು.

ಬಾವಿ ಬಚ್ಚಿಡುವುದು ಹೇಗೆ ಎಂದು ನಗಬೇಡಿ. ಜವರಯ್ಯ ಎತ್ತಿನಿಂದ ನೀರೆತ್ತುವ ಕಪಿಲೆಯ ಗಾಲಿ, ಹಗ್ಗ, ತೊಗಲಿನ ಚೀಲ ಎಲ್ಲವನ್ನೂ ಬಿಚ್ಚಿ ಹಟ್ಟಿಗೆ ಸಾಗಿಸಿದ. ಬಾವಿಯ ಬಾಯಿಗೆ ತೆಂಗಿನ ಗರಿ ಹೊದಿಸಿದ. ಎತ್ತುಗಳಿಗೇನೋ ರಜಾ ಸಿಕ್ಕಿತು. ಅವನ ಹೆಂಡತಿ ರುಕ್ಮಿಣಮ್ಮನಿಗೆ ಸಿಗಲಿಲ್ಲ. ಹೊಗೆಸೊಪ್ಪಿನ ಸಸಿಮಡಿಗೆ ಬೇಸಿಗೆಯಲ್ಲಿ ನೀರು ತಪ್ಪಿಸುವಂತಿಲ್ಲ. ಗರಿ ಸರಿಸಿ, ಕೊಡದಲ್ಲಿ ಸೇದಿ, ಐದು ದಿನ ಹೊತ್ತಳು.

ಆರನೆಯ ದಿನ ಗ್ರಾಮಸೇವಕ ಶಿವನಂಜಪ್ಪ ಸೈಕಲ್ಲಿನಲ್ಲಿ ಹೊಲಕ್ಕೇ ಬಂದರು.

"ಜವರಯ್ಯ, ಪಟ್ಟೀಲಿ ನಿಮ್ಮೂರಿಗೆ ಎರಡೇ ಬಾವಿ ಬರೆದವ್ರೆ. ನಾಡಿದ್ದು ಅದು ಮೈಸೂರಿಗೆ ಹೋಗುತ್ತೆ. ಇಷ್ಟೇ ಆದ್ರೆ ಲೈನು ಪಕ್ಕದೂರಿಗೆ."

"ಓಗ್ಲಿ ಬುಡಿ ಸ್ವಾಮಿ. ಕರೆಂಟ್ ದೀಪ ಇಲ್ದೆ ನಮ್ಮಪ್ಪ ಬಾಳ್ನಿಲ್ವಾ?"

"ಬರೀ ದೀಪದ ಮಾತಲ್ಲ. ಕಂಬ, ತಂತಿಗೆ ಖರ್ಚಾಗೋದು ನಮ್ಮೆಲ್ಲರ ದುಡ್ಡು. ಅದಕ್ಕೆ ತಕ್ಕ ಉಪಯೋಗ ಆಗುತ್ತಾ ಅಂತ ನೋಡ್ಬೇಕಲ್ಲ? ಎಷ್ಟು ಬಾವಿಗೆ ಪಂಪು ಕೂರುತ್ತೆ, ಎತ್ತಿನ ದುಡಿಮೆ ಎಷ್ಟು ಉಳಿಯುತ್ತೆ, ಹಿಟ್ಟಿನ ಗಿರಣಿ ಬಂದ್ರೆ ಮನೆಯವರಿಗೆ ಎಷ್ಟು ಹೊತ್ತು ಮಿಗುತ್ತೆ, ಅದೆಲ್ಲ ಸೇರಿದ್ರೇನೇ ಲೈನಿನ ಬೆಲೆ ಗೊತ್ತಾಗೋದು."

ಪಕ್ಕದ ಹೊಲದ ಮರಿಯಯ್ಯ ಬೇಲಿಯಾಚೆಯಿಂದಲೇ ಬಾಯಿ ಹಾಕಿದ. "ಅಂಗಾರೆ ಐವತ್ತು ಬಾವಿ ಅಂತ ಬರ್ಕೊಂಡ್ಬುಡಿ. ಮೊದ್ಲು ನಮ್ಮೂರ್ಗೇ ಬತ್ತದೆ."

"ಇಲ್ಲದ ಬಾವಿಗೆ ಕಂಬ ನೆಟ್ಟು ಏನ್ಮಾಡ್ತೀರಿ? ಕಮ್ಮಿ ಹೇಳಿದ್ರೆ ನಿಮಗೆ ನಷ್ಟ. ಜಾಸ್ತಿ ಹೇಳಿದ್ರೆ ನಿಜವಾಗಿ ಬೇಕಾದ ಊರಿಗೆ ಮೋಸ."

ಮರಿಯಯ್ಯ ತಲೆ ಕೆರೆದುಕೊಂಡ. ಜವರಯ್ಯ ಬಗ್ಗಲಿಲ್ಲ. "ನಾಳೆ ಕಂದಾಯ ಏರ್ಸುದ್ರೆ ನೀವು ಕಟ್ಟೀರಾ?"

"ಇದು ಕಂದಾಯದ ಪಟ್ಟಿಯಲ್ಲ. ಮುಂದಿನದಕ್ಕೆ ನಾನು ಆಣೆ ಇಡಲಾರೆ. ಆದ್ರೆ ಬಾವಿಯೇ ಇಲ್ಲ ಅಂತೀರಲ್ಲ, ಈ ಸಸಿಮಡಿ ಹಸಿಯಾಗಿದ್ದು ಹೇಗೆ?"

ಅಷ್ಟರಲ್ಲಿ ನೀರು ಹೊತ್ತು ಬಂದ ರುಕ್ಮಿಣಮ್ಮ ಕೊಡ ಇಳಿಸಿ ಎರಡೂ ಅಂಗೈ ಚಾಚಿದಳು. ಬೊಬ್ಬೆ ಒಡೆದು ಕೆಂಪಗಾಗಿದ್ದವು.

"ಇಂಗಾಯ್ತು ಸ್ವಾಮಿ. ಎತ್ತಿನ ದುಡಿಮೆ ಎಲ್ರೂ ಏಳ್ತಾರೆ. ಕೋಳಿ ಕೂಗಕ್ ಮುಂಚೆ ಎದ್ದು ರಾಗಿ ಬೀಸೋದು, ನೀರು ಹೊರೋದು ಯಾರ ಪಟ್ಟೀಲೂ ಇಲ್ಲ. ಅದ್ನೂ ಬರ್ಕಳಿ."

ಆ ಕೈ ಬಡಿಸಿದ್ದನ್ನು ಜವರಯ್ಯ ಐದು ದಿನವೂ ಉಂಡಿದ್ದ. ಕೈಯನ್ನು ಮಾತ್ರ ನೋಡಿರಲಿಲ್ಲ. ಅವನಿಗೆ ತುಂಬ ನಾಚಿಕೆಯಾಯಿತು.

"ತಪ್ಪಾಯ್ತು ಕಣಮ್ಮಿ," ಎಂದವನೇ ಬಾವಿಯ ಕಡೆ ನಡೆದು ಗರಿಗಳನ್ನು ಎಳೆದು ಹಾಕಿದ. "ಬನ್ನಿ ಸ್ವಾಮಿ. ಬೇಸ್ಗೇಲಿ ನೀರು ಎಷ್ಟು ಇಳೀತದೆ ಅನ್ನೋದೂ ಏಳ್ತೀನಿ. ಇದ್ದುದ್ದ ಇದ್ದಂಗೆ ಬರ್ಕಳಿ."

ಅವನೇ ಮುಂದೆ ನಿಂತು ಉಳಿದವರನ್ನೂ ಒಪ್ಪಿಸಿದ. ಸಂಜೆಯ ಹೊತ್ತಿಗೆ ಹನ್ನೊಂದು ಬಾವಿಗಳು ಪಟ್ಟಿಗೆ ಬಂದವು. ಅವುಗಳಲ್ಲಿ ಎರಡು ಬತ್ತಿದ್ದವು, ಹಾಗೆಂದೇ ಬರೆಸಿದರು. ಹೆಂಗಸರು ಬೀಸುವ ಹೊತ್ತು, ಹೊರುವ ಕೊಡ, ಮನೆಮನೆಯದೂ ಸೇರಿತು. ಲೈನು ಯಾವ ಊರಿಗೆಂದು ಇನ್ನೂ ಗೊತ್ತಾಗಿಲ್ಲ. ಪಕ್ಕದೂರಿಗೇ ಹೆಚ್ಚು ಬೇಕಾಗಿದ್ದರೆ ಅಲ್ಲಿಗೇ ಹೋಗಲಿ. ಸುಳ್ಳು ಹೇಳಿ ಕಳೆದುಕೊಂಡೆವೆಂಬ ಸಂಕಟವಂತೂ ನಮಗಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಪಟ್ಟಿ ಹಿಡಿದವರು ನಿಮ್ಮೂರಿಗೂ ಬರುತ್ತಾರೆ. ಹೆದರಿ ಮುಚ್ಚಿಡಬೇಡಿ, ಆಸೆಗೆ ಬಿದ್ದು ಹೆಚ್ಚಿಸಲೂ ಬೇಡಿ. ಗಂಡಸರಷ್ಟೇ ಜಗಲಿಯಲ್ಲಿ ಕೂತು ಉತ್ತರ ಹೇಳಿ ಕಳಿಸಬೇಡಿ. ಒಳಗಿನವರನ್ನೂ ಕರೆಯಿರಿ. ಊರಿನ ಅರ್ಧ ದುಡಿಮೆ ಗೊತ್ತಿರುವುದು ಅವರಿಗೇ.